ಕೆಲಸವೇ ಹೆಸರಾದವರು

ಬ್ಯಾಕೋಡಿನಲ್ಲಿ ನಮ್ಮ ಅಜ್ಜಿಗೆ ಸಂಜೆಯಾಗುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಬಸ್ಸು ನೋಡಿ. ಹೊಳೆಬಾಗಿಲಿನಿಂದ ಹೊರಟ ಕಡೆಯ ಲಾಂಚು ಶರಾವತಿಯ ಹಿನ್ನೀರು ದಾಟಿ ಕಳಸವಳ್ಳಿ ದಡ ಮುಟ್ಟಿ, ಅದರಲ್ಲಿದ್ದವರನ್ನು ಹತ್ತಿಸಿಕೊಂಡ ಬಸ್ಸು ತುಮರಿ ದಾಟಿ ನಮ್ಮೂರಿಗೆ ಬರಬೇಕು. ಅದರ ದೀಪ ತಿರುವಿನಲ್ಲಿ ಕಂಡ ಮೇಲೆ ಅಜ್ಜಿ ಜಗುಲಿಯಿಂದ ಎದ್ದು, ಗೋಡೆಯ ಆಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ, ಮುಂದೆ ಮೇಣದಬತ್ತಿ ಹಚ್ಚಿ ಆಮೊರಿ ಶುರು ಮಾಡುತ್ತಿದ್ದಳು. ಸಾಗರದಲ್ಲಿದ್ದ ಮಾವನ ಕಾಗದ, ಔಷಧಿಯ ಪೊಟ್ಟಣ, ಯಾರದೋ ಮದುವೆಯ ಕರೆ, ಯಾರದೋ ಸಾವಿನ ಸುದ್ದಿ ಎಲ್ಲವೂ ಆ ಬಸ್ಸಿನಲ್ಲೇ ಬರಬೇಕಿತ್ತು. ಅದು ಬಂದ ಮೇಲೆಯೇ ದಿನ ಮುಗಿದಂತೆ.

ಆಮೊರಿ ಎಂದರೆ ಕೊಂಕಣಿ ಕ್ರೈಸ್ತರ ಮನೆಗಳ ಸಂಜೆಯ ಪ್ರಾರ್ಥನೆ. ಕನ್ನಡ ಚರ್ಚುಗಳಲ್ಲಿ ಇದನ್ನೇ ತ್ರಿಕಾಲ ಪ್ರಾರ್ಥನೆ ಎನ್ನುತ್ತಾರೆ; ಬೆಳಿಗ್ಗೆ ಆರಕ್ಕೆ, ನಡು ಮಧ್ಯಾಹ್ನಕ್ಕೆ, ಸಂಜೆ ಆರಕ್ಕೆ ಚರ್ಚಿನ ಗಂಟೆ ಬಾರಿಸುವುದು ಇದಕ್ಕಾಗಿಯೇ. ಆ ಪ್ರಾರ್ಥನೆ ಶುರುವಾಗುವುದೇ ಒಬ್ಬ ದೂತ ಸುದ್ದಿ ತಂದ ಎಂಬ ಮಾತಿನಿಂದ. ನಜರೇತಿನ ಹುಡುಗಿ ಮರಿಯಳ ಮನೆಗೆ ಗಬ್ರಿಯೇಲ ಬಂದ, ಹೇಳಬೇಕಾದದ್ದನ್ನು ಹೇಳಿದ, ಅವಳ ಒಪ್ಪಿಗೆ ಪಡೆದು ಹೋದ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದ ಕತೆ ಇದು. ಆಮೊರಿಯ ಬೆನ್ನಿಗೇ ಬರುವ ತೆರ್ಸ್, ಅಂದರೆ ಜಪಸರ, ಇನ್ನೂ ಮುಂದೆ ಹೋಗುತ್ತದೆ. ಐದು ದಶಕಗಳ ಒಂದು ಜಪಸರದಲ್ಲಿ 53 ಸಲ 'ನಮೋ ಮರಿಯ' ಬರುತ್ತದೆ, ಅದರ ಮೊದಲ ಮಾತು ಗಬ್ರಿಯೇಲ ಅವಳಿಗೆ ಹೇಳಿದ ನಮಸ್ಕಾರ. ಲೋಕದಲ್ಲಿ ಯಾವ ಅಂಚೆಯವನ ಮಾತನ್ನೂ ಜನ ಇಷ್ಟು ಸಲ, ಇಷ್ಟು ವರ್ಷ, ಇಷ್ಟು ಭಾಷೆಗಳಲ್ಲಿ ತಿರುಗಿ ತಿರುಗಿ ಹೇಳಿರಲಾರರು. ಬಸ್ಸು ಬರುವ ತನಕ ಕಾದು ಈ ಪ್ರಾರ್ಥನೆಗೆ ಕೂರುತ್ತಿದ್ದ ಅಜ್ಜಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಕಥೋಲಿಕ ಧರ್ಮಸಭೆ ಹೆಸರಿಟ್ಟು ಗೌರವಿಸುವ ಮಹಾದೂತರು ಮೂವರೇ: ಮಿಕಾಯೇಲ, ಗಬ್ರಿಯೇಲ, ರಫಾಯೇಲ. ಮೂರು ಹೆಸರಿನ ತುದಿಯಲ್ಲೂ ಇರುವ 'ಏಲ' ಹೀಬ್ರೂ ಭಾಷೆಯಲ್ಲಿ ದೇವರು. ಗಬ್ರಿಯೇಲ ಎಂದರೆ ದೇವರ ಬಲ, ರಫಾಯೇಲ ಎಂದರೆ ದೇವರು ವಾಸಿಮಾಡುತ್ತಾನೆ. ಮಿಕಾಯೇಲ ಎಂಬುದು ಹೆಸರೇ ಅಲ್ಲ, ಪ್ರಶ್ನೆ: ದೇವರಿಗೆ ಸಮ ಯಾರು? ನಾಲ್ಕನೇ ಶತಮಾನದಲ್ಲಿ ಹುಟ್ಟಿದ ಸಂತ ಅಗಸ್ಟಿನ್ ಇದನ್ನು ಚೊಕ್ಕವಾಗಿ ತಿಳಿಸಿದ್ದಾನೆ. ದೂತ ಎನ್ನುವುದು ಅವರ ಜಾತಿಯ ಹೆಸರಲ್ಲ, ಹುದ್ದೆಯ ಹೆಸರು. ಇರವಿನಲ್ಲಿ ಅವರು ಆತ್ಮರೂಪಿಗಳು, ಮಾಡುವ ಕೆಲಸದಿಂದ ದೂತರು. ಇಂದಿನ ಕಥೋಲಿಕ ಧರ್ಮೋಪದೇಶ ಗ್ರಂಥವೂ ದೂತರ ಬಗ್ಗೆ ಹೇಳುವಾಗ ಈ ಮಾತನ್ನೇ ಮುಂದಿಡುತ್ತದೆ. ರೆಕ್ಕೆ, ಬಿಳಿ ನಿಲುವಂಗಿ, ಚಿನ್ನದ ಗುಂಗುರು ಕೂದಲು ಇವೆಲ್ಲ ಚಿತ್ರಕಾರರು ಕೊಟ್ಟದ್ದು. ನಂಬಿಕೆ ಹಿಡಿದು ನಿಂತಿರುವುದು ಅವರ ಕೆಲಸವನ್ನು.

ಕಾಯುವ ಶಕ್ತಿಗಳು ಮಲೆನಾಡಿನವರಿಗೆ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಗದ್ದೆಯಂಚಿಗೆ ಹೋದರೂ ಒಂದು ಚೌಡಿ ಕಲ್ಲು, ಒಂದು ಜಟ್ಟಿಗನ ಬನ ಸಿಗುತ್ತದೆ. ಸಿಗಂದೂರಿನ ಚೌಡೇಶ್ವರಿ ನಮ್ಮ ಹಿನ್ನೀರಿನ ಸೀಮೆಗೆಲ್ಲ ತಾಯಿ. ಚಿಕ್ಕಂದಿನಲ್ಲಿ ನೆರೆಮನೆಯ ಗೆಳೆಯರು, "ನಿಮ್ಮ ಮಿಕಾಯೇಲನೂ ಚೌಡಿಯ ಹಾಗೇನೋ?" ಎಂದು ಕೇಳಿದರೆ ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯುತ್ತಿರಲಿಲ್ಲ. ಈಗ ಕೇಳಿದರೆ ಹೀಗೆ ಹೇಳಿಯೇನು. ಕಾವಲು ಎಂಬ ಭಾವ ಇಬ್ಬರಿಗೂ ಒಂದೇ. ಆದರೆ ಚೌಡಿಗೆ ಒಂದು ಜಾಗವಿದೆ, ಅವಳು ಆ ಸೀಮೆಯ ಒಡತಿ. ಮಹಾದೂತನಿಗೆ ಸ್ವಂತ ಸೀಮೆಯಿಲ್ಲ, ಸ್ವಂತ ಮಾತಿಲ್ಲ, ಸ್ವಂತ ವರವೂ ಇಲ್ಲ. ಅವನು ಕಳಿಸಿದಲ್ಲಿಗೆ ಹೋಗುವವನು. ಆದ್ದರಿಂದಲೇ ಧರ್ಮಸಭೆ ಆರಾಧನೆಯನ್ನು ದೇವರಿಗಷ್ಟೇ ಮೀಸಲಿಟ್ಟು, ದೂತರಿಗೂ ಸಂತರಿಗೂ ಗೌರವ ಸಲ್ಲಿಸುತ್ತದೆ. ನಮಗಾಗಿ ಬೇಡಿಕೊಳ್ಳಿ ಎಂದು ಅವರನ್ನು ಕೇಳಿಕೊಳ್ಳುತ್ತದೆ.

ಇಲ್ಲಿ ಎಷ್ಟೋ ಓದುಗರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಮಹಾದೂತ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಹೆಸರಿಲ್ಲದ ಮಹಾದೂತನ ಧ್ವನಿಯೊಂದು ಕೇಳಿಸುತ್ತದೆ. ಯೂದನ ಪತ್ರದಲ್ಲಿ ಮಿಕಾಯೇಲನಿಗೆ ಆ ಪದವಿ ಅಂಟಿದೆ. ಗಬ್ರಿಯೇಲನನ್ನು ಲೂಕ ಬರಿಯ ದೂತ ಎಂದೇ ಕರೆಯುತ್ತಾನೆ. ಸುಮಾರು 500ರ ಹೊತ್ತಿಗೆ ಡಯೋನೀಸಿಯಸ್ ಹೆಸರಿನಲ್ಲಿ ಬರೆದ ಒಬ್ಬ ಲೇಖಕ ದೂತರನ್ನು ಒಂಬತ್ತು ಶ್ರೇಣಿಗಳಲ್ಲಿ ಜೋಡಿಸಿದ. ಆ ಏಣಿಯಲ್ಲಿ ಮಹಾದೂತರಿರುವುದು ಕೆಳಗಿನಿಂದ ಎರಡನೇ ಮೆಟ್ಟಿಲಲ್ಲಿ. ಮೇಲಿನ ಸೆರಾಫಿಮರು, ಕೆರೂಬಿಮರು ದೇವರ ಸನ್ನಿಧಿಯಲ್ಲೇ ಮುಳುಗಿದವರು. ಮನುಷ್ಯರ ಅಂಗಳಕ್ಕೆ ಇಳಿದು ಬರುವವರು ಕೆಳಗಿನವರು. ಆರನೇ ಶತಮಾನದ ಕೊನೆಯಲ್ಲಿ ಪೋಪ್ ಆದ ಮಹಾ ಗ್ರೆಗೊರಿ ಮಹಾದೂತರೆಂಬ ಹೆಸರಿಗೆ ಕಾರಣ ಹೇಳಿದ: ಸಣ್ಣ ಸುದ್ದಿ ತರುವವರು ದೂತರು, ಎಲ್ಲಕ್ಕಿಂತ ದೊಡ್ಡ ಸುದ್ದಿ ತರುವವರು ಮಹಾದೂತರು. ದೊಡ್ಡತನ ಬಂದದ್ದು ಹೊತ್ತ ಸುದ್ದಿಯಿಂದ. ಈ ಮಾತು ನನಗೆ ಬಹಳ ಪ್ರೀತಿಯದು.

ಮೂವರಲ್ಲಿ ನನಗೆ ತೀರ ಹತ್ತಿರದವನು ರಫಾಯೇಲ. ಅವನ ಕತೆ ಇರುವುದು ತೊಬೀತನ ಗ್ರಂಥದಲ್ಲಿ. ಪ್ರೊಟೆಸ್ಟೆಂಟ್ ಬೈಬಲ್ಲಿನಲ್ಲಿ ಈ ಗ್ರಂಥ ಇಲ್ಲ. ಕಥೋಲಿಕರ ಬೈಬಲ್ಲಿನಲ್ಲಿದೆ, 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಪವಿತ್ರ ಗ್ರಂಥಗಳ ಪಟ್ಟಿಯಲ್ಲಿ ಖಚಿತಪಡಿಸಿತು. ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಇದರ ಅರಮಾಯಿಕ್ ಮತ್ತು ಹೀಬ್ರೂ ತುಣುಕುಗಳು ಸಿಕ್ಕಿವೆ. ಹಾಗಾಗಿ ಯೆಹೂದ್ಯರು ಕ್ರಿಸ್ತನಿಗೂ ಮೊದಲೇ ಇದನ್ನು ಓದುತ್ತಿದ್ದರೆಂಬುದರಲ್ಲಿ ಅನುಮಾನವಿಲ್ಲ.

ಕತೆ ಹೀಗಿದೆ. ನಿನೆವೆ ಪಟ್ಟಣದಲ್ಲಿ ಸೆರೆಯಾಳುಗಳ ನಡುವೆ ತೊಬೀತ ಎಂಬ ಮುದುಕ. ಬೀದಿಯಲ್ಲಿ ಬಿದ್ದ ತನ್ನವರ ಹೆಣಗಳನ್ನು ರಾಜನಿಗೆ ಹೆದರದೆ ಹೂಳುವುದು ಅವನ ವ್ರತ. ಒಂದು ರಾತ್ರಿ ಹಾಗೆ ಹೆಣ ಹೂಳಿ ಬಂದು ಅಂಗಳದ ಗೋಡೆಯ ಬಳಿ ಮಲಗಿದಾಗ ಗುಬ್ಬಿಗಳ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡಾಗುತ್ತಾನೆ. ಒಳ್ಳೆಯದು ಮಾಡಿದ್ದಕ್ಕೆ ಸಿಕ್ಕಿದ ಕೂಲಿ! ಸಾವನ್ನು ಬೇಡುತ್ತಾನೆ. ಸಾಯುವ ಮುಂಚೆ, ದೂರದ ಮೇದ್ಯ ದೇಶದಲ್ಲಿ ಇಟ್ಟಿದ್ದ ಬೆಳ್ಳಿಯ ನೆನಪಾಗಿ, ಅದನ್ನು ತರಲು ಮಗ ತೊಬೀಯನನ್ನು ಕಳಿಸಬೇಕು. ದಾರಿ ಗೊತ್ತಿಲ್ಲ. ಕೂಲಿಗೆ ಒಬ್ಬ ದಾರಿಗಾರ ಬೇಕು. ಹುಡುಗ ಹೊರಗೆ ಹೋದರೆ ಎದುರಿಗೇ ಒಬ್ಬ ನಿಂತಿದ್ದಾನೆ, ಹೆಸರು ಅಜರೀಯ ಅನ್ನುತ್ತಾನೆ. ಮುದುಕ ಅವನ ಕುಲ, ಮನೆತನ ಎಲ್ಲ ವಿಚಾರಿಸಿ, ದಿನಗೂಲಿ ಇಷ್ಟೆಂದು ಗೊತ್ತುಮಾಡಿ ಕಳಿಸುತ್ತಾನೆ. ತಾಯಿ ಅಳುತ್ತಾಳೆ. ಇಬ್ಬರೂ ಹೊರಟಾಗ ಮನೆಯ ನಾಯಿಯೂ ಹಿಂದೆ ಹೊರಡುತ್ತದೆ.

ಆ ನಾಯಿಗೆ ಕತೆಯಲ್ಲಿ ಏನೂ ಕೆಲಸವಿಲ್ಲ. ಅದು ಸುಮ್ಮನೆ ಜೊತೆಗೆ ಹೋಗುತ್ತದೆ, ಜೊತೆಗೆ ಬರುತ್ತದೆ. ನಮ್ಮೂರಿನ ಕಡೆ ನಡೆದು ಹೋಗುವವರ ಹಿಂದೆ ಯಾವಾಗಲೂ ಒಂದು ನಾಯಿ ಇದ್ದೇ ಇರುವುದರಿಂದ, ಚಿಕ್ಕವನಿದ್ದಾಗ ಈ ಕತೆ ನಡೆದದ್ದು ಇಲ್ಲೇ ನಿಟ್ಟೂರಿನ ದಾರಿಯಲ್ಲೆಂದು ನಂಬಿದ್ದೆ.

ಟೈಗ್ರಿಸ್ ಹೊಳೆಯಲ್ಲಿ ಕಾಲು ತೊಳೆಯುವಾಗ ದೊಡ್ಡ ಮೀನೊಂದು ಮೇಲೆ ಹಾರುತ್ತದೆ. ಜೊತೆಗಾರ "ಬಿಡಬೇಡ, ಹಿಡಿ" ಅನ್ನುತ್ತಾನೆ. ಅದರ ಹೃದಯ, ಪಿತ್ತಕೋಶ, ಯಕೃತ್ತನ್ನು ತೆಗೆದಿಡಿಸುತ್ತಾನೆ. ಮುಂದೆ ಸಾರಾ ಎಂಬ ಹುಡುಗಿ ಸಿಗುತ್ತಾಳೆ. ಮದುವೆಯಾದ ಏಳು ಗಂಡಂದಿರೂ ಮೊದಲ ರಾತ್ರಿಯೇ ದೆವ್ವದ ಕಾಟಕ್ಕೆ ಸತ್ತು, ಊರಿನ ಮಾತು ಕೇಳಲಾರದೆ ಅವಳೂ ಸಾವು ಬೇಡುತ್ತಿದ್ದಾಳೆ. ಹೃದಯ, ಯಕೃತ್ತಿನ ಹೊಗೆಗೆ ದೆವ್ವ ಓಡುತ್ತದೆ. ಮದುವೆ, ಬೆಳ್ಳಿ ಎರಡೂ ಆಗಿ ಮನೆಗೆ ಬಂದ ಮೇಲೆ ಪಿತ್ತವನ್ನು ಮುದುಕನ ಕಣ್ಣಿಗೆ ಹಚ್ಚಿದಾಗ ಬಿಳಿ ಪೊರೆ ಸುಲಿದು ಬರುತ್ತದೆ. ಅವನು ಮೊದಲು ಕಾಣುವುದು ಮಗನ ಮುಖವನ್ನು. ಅಪ್ಪ ಮಗ ಸೇರಿ ಜೊತೆಗಾರನಿಗೆ ಕೂಲಿ ಕೊಡಲು ಕರೆದಾಗಲೇ ಅವನು ಹೇಳುವುದು: ನಾನು ರಫಾಯೇಲ, ದೇವರ ಸನ್ನಿಧಿಯಲ್ಲಿ ನಿಲ್ಲುವ ಏಳು ಮಂದಿಯಲ್ಲಿ ಒಬ್ಬ.

ಅಲ್ಲಿಯ ತನಕ ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಅವನು ದಾರಿ ತೋರಿಸಿದ, ಮೀನು ಹಿಡಿಸಿದ, ಹೆಣ್ಣು ಕೇಳಲು ಜೊತೆಗೆ ಬಂದ, ಇಟ್ಟಿದ್ದ ಬೆಳ್ಳಿ ತಂದುಕೊಟ್ಟ. ಪವಾಡಕ್ಕಿಂತ ಜೊತೆಗಾರಿಕೆಯೇ ಈ ಕತೆಯಲ್ಲಿ ದೊಡ್ಡದು. ಹಾಗಾಗಿಯೇ ರಫಾಯೇಲ ದಾರಿಹೋಕರಿಗೆ, ಕುರುಡರಿಗೆ, ವೈದ್ಯರಿಗೆ, ದಾದಿಯರಿಗೆ ಪಾಲಕ. ಬೆಳ್ತಂಗಡಿ ತಾಲ್ಲೂಕಿನ ಬದ್ಯಾರಿನ ಚರ್ಚು ಅವನ ಹೆಸರಿನದೇ. ಬೆಳಗಿನ ಲಾಂಚು ಹಿಡಿಯಲು ಯಾರಾದರೂ ಮನೆಯಿಂದ ಹೊರಟರೆ ಅಜ್ಜಿ ಅವರ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಹಾಕಿ ಇವನಿಗೆ ಒಪ್ಪಿಸುತ್ತಿದ್ದಳು. ಬಾಣಂತಿಯನ್ನು ಸಾಗರಕ್ಕೆ ಸಾಗಿಸುವಾಗ, ಜ್ವರದ ಮಗುವನ್ನು ಹೊತ್ತು ನೀರು ದಾಟುವಾಗ ನಮ್ಮ ಸೀಮೆಯವರಿಗೆ ಬೇಕಿದ್ದದ್ದು ಇಂಥ ಒಬ್ಬ ಜೊತೆಗಾರನೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗಿನಿಂದ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ, ಆರು ದಶಕ, ನಮಗೆ ನೀರೇ ರಸ್ತೆ. ಲಾಂಚು ತಪ್ಪಿದರೆ ನಿಟ್ಟೂರು, ನಗರ, ಹೊಸನಗರ ಸುತ್ತಿ ಹೋಗಬೇಕಿತ್ತು.

ನಗರದ ಹೆಸರು ಬಂದಾಗ ಒಂದು ಮಾತು. ಘಟ್ಟದ ಕೆಳಗಿನ ಕೊಂಕಣಿ ಕ್ರೈಸ್ತರ ಚರಿತ್ರೆಯ ಬೇರು ನಮ್ಮ ಈ ನಗರದಲ್ಲೂ ಇದೆ. ಅದು ಬಿದನೂರು ಆಗಿದ್ದಾಗ, ಕೆಳದಿಯ ಅರಸರು ಅಲ್ಲಿಂದ ಕರಾವಳಿಯನ್ನೂ ಆಳುತ್ತಿದ್ದಾಗ, ಗೋವೆಯಿಂದ ಬಂದ ಬೇಸಾಯಗಾರ ಕ್ರೈಸ್ತರು ಅವರ ಸೀಮೆಯಲ್ಲಿ ನೆಲ ಹಿಡಿದರು. ಪೋರ್ಚುಗೀಸರೊಂದಿಗೆ 1678ರಲ್ಲಿ ಆದ ಒಪ್ಪಂದ ಹೊನ್ನಾವರ, ಭಟ್ಕಳ, ಕಲ್ಯಾಣಪುರದಂಥ ಕಡೆ ಚರ್ಚು ಕಟ್ಟಲು ಅನುಮತಿ ಕೊಟ್ಟಿತು. 1681ರಿಂದ 1684ರ ತನಕ ಆ ಕರಾವಳಿಯಲ್ಲಿ ಊರೂರು ತಿರುಗಿ ಪೂಜೆ ಅರ್ಪಿಸಿದ ಗೋವೆಯ ಗುರು ಜೋಸೆಫ್ ವಾಜ್‌ರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಲಿಂಗಾಯತ ಅರಸರ ನೆರಳಲ್ಲಿ ಈ ಪ್ರಾರ್ಥನೆಗಳು ಬೇರುಬಿಟ್ಟವು ಎಂಬುದು ನನಗೆ ಹೆಮ್ಮೆಯ ಸಂಗತಿ. ಆ ಪ್ರಾರ್ಥನೆಗಳ ಕೊಂಕಣಿಯಲ್ಲಿ, ದೂತರಂತೆ ಕಾಯುವವನಿಗೆ ರಾಕ್ಣೊ ಎನ್ನುತ್ತೇವೆ. 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೊಂಕಣಿ ವಾರಪತ್ರಿಕೆಗೂ ಅದೇ ಹೆಸರು.

ಇನ್ನು ಮಿಕಾಯೇಲ. ಹಳಬರ ಬಾಯಲ್ಲಿ ಮಿಂಗೆಲ್. ನಮ್ಮ ಆಲ್ತಾರಿನ ಪಕ್ಕ ಅವನದೊಂದು ಮಾಸಿದ ಕ್ಯಾಲೆಂಡರ್ ಚಿತ್ರವಿತ್ತು: ಕಾಲಡಿಯಲ್ಲಿ ಸೈತಾನ, ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ತಕ್ಕಡಿ. ಹೊಗೆ ಹಿಡಿದು ಸೈತಾನನ ಮುಖ ಕಾಣದಂತಾಗಿತ್ತು, ತಕ್ಕಡಿ ಮಾತ್ರ ಸ್ಪಷ್ಟ. ಸೈತಾನನೊಂದಿಗಿನ ಯುದ್ಧ ಪ್ರಕಟನಾ ಗ್ರಂಥದ 12ನೇ ಅಧ್ಯಾಯದ್ದು. ತಕ್ಕಡಿ ಬೈಬಲ್ಲಿನಲ್ಲಿಲ್ಲ, ಸತ್ತವರ ಆತ್ಮವನ್ನು ತೂಗುವವನು ಅವನೆಂಬುದು ಮಧ್ಯಯುಗದ ಚಿತ್ರಕಲೆ ಬೆಳೆಸಿದ ಕಲ್ಪನೆ. ಇಟಲಿಯ ಗಾರ್ಗಾನೊ ಬೆಟ್ಟದ ಗುಹೆ, ಫ್ರಾನ್ಸಿನ ಕಡಲ ನಡುವಿನ ಮೋಂ ಸ್ಯಾಂ ಮಿಶೆಲ್, ನಮ್ಮ ಮಡಿಕೇರಿಯ ಸಂತ ಮಿಕಾಯೇಲರ ಚರ್ಚು ಇವೆಲ್ಲ ಅವನ ಹೆಸರಿನವು. 590ರಲ್ಲಿ ರೋಮಿನಲ್ಲಿ ಪ್ಲೇಗು ಬಂದಾಗ ಪ್ರಾರ್ಥನೆಯ ಮೆರವಣಿಗೆ ಹೊರಟ ಗ್ರೆಗೊರಿಗೆ, ಹಾಡ್ರಿಯನ್ ಸಮಾಧಿಯ ಮೇಲೆ ಮಿಕಾಯೇಲ ಕತ್ತಿಯನ್ನು ಒರೆಗೆ ಸೇರಿಸುವುದು ಕಂಡಿತೆಂಬ ಐತಿಹ್ಯವಿದೆ. ಆ ಕಟ್ಟಡಕ್ಕೆ ಇವತ್ತಿಗೂ ದೂತನ ಕೋಟೆ ಎಂದೇ ಹೆಸರು.

ಯುದ್ಧಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ದಾನಿಯೇಲನ ಗ್ರಂಥದ 10ನೇ ಅಧ್ಯಾಯದ ಒಂದು ಪ್ರಸಂಗ. ದಾನಿಯೇಲ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದಾನೆ, ಉತ್ತರ ಬರುವುದಿಲ್ಲ. ಕೊನೆಗೆ ದೂತ ಬಂದು ತಡವಾದದ್ದಕ್ಕೆ ಕಾರಣ ಹೇಳುತ್ತಾನೆ: ನೀನು ಪ್ರಾರ್ಥಿಸಿದ ಮೊದಲ ದಿನವೇ ನಿನ್ನ ಮಾತು ಕೇಳಿಸಿತ್ತು, ಆದರೆ ಪರ್ಷಿಯದ ಅಧಿಪತಿ 21 ದಿನ ನನ್ನನ್ನು ತಡೆದ, ಮಿಕಾಯೇಲ ನೆರವಿಗೆ ಬಂದದ್ದರಿಂದ ಬರಲಾಯಿತು. ದೇವರ ಸುದ್ದಿಗೂ ದಾರಿಯಲ್ಲಿ ಅಡ್ಡಿ! ಉತ್ತರ ಹೊರಟಾಗಿದೆ, ದಾರಿಯಲ್ಲಿದೆ, ತಡವಾಗಿದೆ ಅಷ್ಟೆ. ನೀರು ಇಳಿದು ಲಾಂಚು ನಿಂತಾಗ, ಫೋನಿನ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ನಿಂತಾಗ ನಮ್ಮೂರಿನವರಿಗೆ ಇದಕ್ಕಿಂತ ಹತ್ತಿರದ ಧರ್ಮಗ್ರಂಥದ ಮಾತು ಇನ್ನೊಂದಿರಲಾರದು. ಮಿಕಾಯೇಲನ ಈಟಿ ಇರುವುದು ದಾರಿ ಬಿಡಿಸಲು ಎಂದು ನಾನು ತಿಳಿದುಕೊಂಡದ್ದು ಇಲ್ಲಿಂದ. (1951ರಲ್ಲಿ ಪೋಪ್ 12ನೇ ಪಯಸ್ ಗಬ್ರಿಯೇಲನನ್ನು ದೂರಸಂಪರ್ಕದವರ ಪಾಲಕನೆಂದು ಸಾರಿದರು. ನಮ್ಮ ಗುಡ್ಡಗಳ ಪ್ರಾರ್ಥನೆ ಅವನಿಗೂ ಸಲ್ಲಬೇಕು.)

ಮಿಕಾಯೇಲನಿಗೆ ಮಾಡುವ ಚಿಕ್ಕ ಪ್ರಾರ್ಥನೆಯೊಂದಿದೆ. ಕೇಡಿನ ವಿರುದ್ಧದ ಹೋರಾಟದಲ್ಲಿ ನಮ್ಮನ್ನು ಕಾಯಿ ಎಂಬುದು ಅದರ ತಿರುಳು. ಪೋಪ್ 13ನೇ ಲಿಯೊ 1886ರಲ್ಲಿ ಇದನ್ನು ಸರಳ ಬಲಿಪೂಜೆಯ ಕೊನೆಗೆ ಸೇರಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಯ ಕಾಲದ ಸುಧಾರಣೆಯಲ್ಲಿ, 1965ರ ಹೊತ್ತಿಗೆ, ಅದು ಬಿಟ್ಟುಹೋಯಿತು. 1994ರಲ್ಲಿ ಎರಡನೇ ಜಾನ್ ಪಾಲ್, 2018ರಲ್ಲಿ ಫ್ರಾನ್ಸಿಸ್ ಅದನ್ನು ಮತ್ತೆ ಹೇಳಿಕೊಳ್ಳಲು ಜನರನ್ನು ಕೇಳಿಕೊಂಡರು. ಮನೆಗಳಲ್ಲಿ ಅದು ಬಿಟ್ಟುಹೋಗಿರಲೇ ಇಲ್ಲ; ನಮ್ಮಜ್ಜಿ ಯಾವ ಸುಧಾರಣೆಗೂ ಕಾಯದೆ ಪ್ರತಿ ರಾತ್ರಿ ಹೇಳುತ್ತಿದ್ದಳು.

ಹಬ್ಬಗಳೂ ಹೀಗೇ ಕೂಡಿಕೊಂಡಿವೆ. ಹಿಂದೆ ಗಬ್ರಿಯೇಲನಿಗೆ ಮಾರ್ಚ್ 24, ರಫಾಯೇಲನಿಗೆ ಅಕ್ಟೋಬರ್ 24, ಮಿಕಾಯೇಲನಿಗೆ ಸೆಪ್ಟೆಂಬರ್ 29 ಎಂದಿತ್ತು. 1969ರ ಪಂಚಾಂಗ ಸುಧಾರಣೆ ಮೂವರನ್ನೂ ಸೆಪ್ಟೆಂಬರ್ 29ಕ್ಕೆ ತಂದಿತು. ಮೂರು ದಿನ ಬಿಟ್ಟು, ಅಕ್ಟೋಬರ್ 2ಕ್ಕೆ, ಕಾವಲು ದೂತರ ಹಬ್ಬ. ಪ್ರತಿಯೊಬ್ಬರಿಗೂ ಒಬ್ಬ ಕಾವಲು ದೂತನಿದ್ದಾನೆಂಬ ನಂಬಿಕೆಯದು.

ಇತ್ತೀಚೆಗೆ ವಾಟ್ಸ್ಆ್ಯಪ್‌ನಲ್ಲಿ ಏಳು ಮಹಾದೂತರ ಹೆಸರು, ಬಣ್ಣ, ವಾರ, ಅದೃಷ್ಟದ ಕಲ್ಲು ಎಂದೆಲ್ಲ ಚಿತ್ರಗಳು ಓಡಾಡುತ್ತಿವೆ. ರಫಾಯೇಲ ಏಳು ಮಂದಿ ಅಂದದ್ದು ನಿಜ, ಉಳಿದವರ ಹೆಸರನ್ನು ಅವನು ಹೇಳಲಿಲ್ಲ. 745ರಲ್ಲಿ ಪೋಪ್ ಜಕರಿಯ ಕರೆದ ರೋಮಿನ ಸಭೆ, ಅಲ್ಡೆಬರ್ಟ್ ಎಂಬ ಬೋಧಕ ಊರಿಯೇಲ ಮೊದಲಾದ ಹೆಸರು ಕೂಗಿ ಪ್ರಾರ್ಥಿಸುತ್ತಿದ್ದುದನ್ನು ಖಂಡಿಸಿ, ಗ್ರಂಥದಲ್ಲಿರುವ ಮೂರೇ ಹೆಸರು ಸಾಕೆಂದಿತು. 2001ರಲ್ಲಿ ವ್ಯಾಟಿಕನ್ ಹೊರಡಿಸಿದ ಜನಭಕ್ತಿಯ ಮಾರ್ಗದರ್ಶಿಯೂ ದೂತರಿಗೆ ಹೊಸ ಹೆಸರಿಡಬೇಡಿ ಎನ್ನುತ್ತದೆ. ಇಥಿಯೋಪಿಯದ ಪ್ರಾಚೀನ ಸಭೆ ಊರಿಯೇಲನನ್ನು ಗೌರವಿಸುತ್ತದೆ, ಅದರ ಪರಂಪರೆ ಬೇರೆ. ಮುಸ್ಲಿಂ ನೆರೆಯವರಿಗೆ ಗಬ್ರಿಯೇಲ ಜಿಬ್ರೀಲ್, ಕುರಾನನ್ನು ತಂದವನು. ಮಿಕಾಯೇಲನ ಹೆಸರೂ ಕುರಾನಿನಲ್ಲಿದೆ. ಹೊಸ ಹೆಸರು ಬೇಡವೆನ್ನುವ ರೋಮಿನ ಹಿಡಿತ ನನಗೆ ಸರಿ ಅನ್ನಿಸುತ್ತದೆ. ಹೆಸರು ಕೂಗಿ ದೂತನನ್ನು ಕರೆಸಿಕೊಳ್ಳಬಹುದೆಂದು ಹೊರಟರೆ ಅವನು ನಮ್ಮ ಕೆಲಸದವನಾಗಿಬಿಡುತ್ತಾನೆ. ಅವನನ್ನು ಕಳಿಸುವ ಕೈ ನಮ್ಮದಲ್ಲ.

ಅಜ್ಜಿ ತೀರಿಕೊಂಡದ್ದು ಒಂದು ಆಷಾಢದ ರಾತ್ರಿ, ಕಡೆಯ ಲಾಂಚು ಹೋದ ಮೇಲೆ. ಆಚೆ ದಡದ ಮಕ್ಕಳಿಗೆ ಸುದ್ದಿ ಮುಟ್ಟಿದ್ದು ಬೆಳಿಗ್ಗೆ. ಮಳೆಯಲ್ಲಿ ನೆಂದ ಹಣೆಗಳನ್ನು ಅವಳ ಕಾಲಿಗೆ ತಾಗಿಸಿ ಅವರು ಅತ್ತದ್ದು ಮಧ್ಯಾಹ್ನ. ಸತ್ತವರಿಗಾಗಿ ಅರ್ಪಿಸುವ ಹಳೆಯ ಲತೀನ್ ಪೂಜೆಯಲ್ಲಿ ಮಿಕಾಯೇಲ ಪತಾಕೆ ಹಿಡಿದು ಆತ್ಮವನ್ನು ಬೆಳಕಿನೊಳಕ್ಕೆ ಕರೆದೊಯ್ಯಲಿ ಎಂಬ ಬೇಡಿಕೆ ಬರುತ್ತದೆ. ಶವವನ್ನು ಚರ್ಚಿನಿಂದ ಹೊರತರುವಾಗ ದೂತರು ಎದುರುಗೊಳ್ಳಲಿ ಎಂದು ಹಾಡುತ್ತಾರೆ. ಅಂದು ಅದು ನನಗೆ ಗೊತ್ತಿರಲಿಲ್ಲ. ಯಾವ ಲಾಂಚಿಗೂ ಕಾಯದೆ ಅವಳೊಬ್ಬಳು ರಾತ್ರಿಯೇ ದಾಟಿಬಿಟ್ಟಳಲ್ಲ ಎಂದಷ್ಟೇ ಅನ್ನಿಸಿತ್ತು.

ಈಗ ಬಸ್ಸು ಸೇತುವೆಯ ಮೇಲೆ ನಿಲ್ಲದೆ ಬರುತ್ತದೆ. ಆಲ್ತಾರಿನ ಮುಂದೆ ಮೇಣದಬತ್ತಿ ಹಚ್ಚುವುದು ಅಮ್ಮ. ಕಡ್ಡಿ ಗೀರುವ ಮುಂಚೆ ಅವಳು ಅಜ್ಜಿಯ ಹಾಗೆಯೇ ಒಂದು ಸಲ ಜಗುಲಿಗೆ ಬಂದು ತಿರುವಿನ ಕಡೆ ನೋಡುತ್ತಾಳೆ. ಮನೆಗೆ ಬರಬೇಕಾದವರಲ್ಲಿ ಇನ್ನೂ ದಾರಿಯಲ್ಲಿ ಇರುವವರ ಹೆಸರನ್ನು ಒಂದೊಂದಾಗಿ ಹೇಳಿ, ಒಳಗೆ ಹೋಗಿ ಆಮೊರಿಗೆ ಕೂರುತ್ತಾಳೆ.